ಶಾರವ್ವ ನೋಡಿದ ಎರಡು ತೋಳು

ಶಾರವ್ವ ಯಾರನ್ನೂ ನಂಬುವ ಹೆಂಗಸಲ್ಲ. ಹುನಗುಂದದ ನಮ್ಮ ಓಣಿಯಲ್ಲಿ ಇದು ಹೊಸ ಸುದ್ದಿಯೂ ಅಲ್ಲ. ಹಾಲಿನವನು ಬಂದರೆ ಹಾಲಿಗೆ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಹರಿಯುತ್ತದೋ ನೋಡುತ್ತಾಳೆ. ಗಿರಣಿಗೆ ಜೋಳ ಕಳಿಸಿದರೆ ತಾನೂ ಹಿಂದೆಯೇ ಹೋಗಿ, ಮುಂಚಿನವರ ಸಜ್ಜೆ ಹಿಟ್ಟು ತನ್ನ ಹಿಟ್ಟಿಗೆ ಕೂಡಿತೆಂದು ಗಿರಣಿಯವನ ಜೊತೆ ಜಗಳ ತೆಗೆಯುತ್ತಾಳೆ. ಬಸ್ಸಿನಲ್ಲಿ ಟಿಕೆಟ್ ಕೊಟ್ಟರೆ ಅದರ ಮೇಲಿನ ಊರ ಹೆಸರನ್ನು ಪಕ್ಕದವರಿಂದ ಓದಿಸುತ್ತಾಳೆ, ಯಾಕೆಂದರೆ ಆಕೆಗೆ ಓದು ಬರುವುದಿಲ್ಲ. ಓದಿ ಹೇಳಿದವರ ಮೇಲೂ ಸಂಶಯ. ಹಿಂದಿನ ಸೀಟಿನವರ ಹತ್ತಿರ ಇನ್ನೊಮ್ಮೆ ಓದಿಸಿದರೇ ಸಮಾಧಾನ.

ನಾನು ಸಾಯಿಮಾ, ಆಕೆಯ ಪಕ್ಕದ ಮನೆಯವಳು, ಈ ಓಣಿಯ ಆಶಾ ಕಾರ್ಯಕರ್ತೆ. ಹಾಗಾಗಿ ಆಕೆಯ ಸಂಶಯದ ಬಿಸಿ ಎಲ್ಲರಿಗಿಂತ ಮೊದಲು ತಟ್ಟುವುದು ನನಗೆ. ಆಕೆಯ ಹಿರಿಯ ಮೊಮ್ಮಗಳು ಚಿಕ್ಕವಳಿದ್ದಾಗ ಪೋಲಿಯೋ ಹನಿ ಹಾಕಲು ಹೋದ ದಿನ ನನ್ನನ್ನು ಬಾಗಿಲಲ್ಲೇ ತಡೆದು, "ಮೊದಲ ನಿನ್ನ ಮಗಳಿಗೆ ಹಾಕಿ ತೋರಸು" ಎಂದಿದ್ದಳು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಆವತ್ತು ಓಣಿಯ ನಾಯಿಗಳೂ ಓಡಿಹೋಗುವ ಹಾಗೆ ಕೂಗಾಡಿದ್ದೆ. ಆದರೆ ಸಂಜೆ ಆಕೆಯೇ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ತಂದು ಕಟ್ಟೆಯ ಮೇಲಿಟ್ಟು ಹೋಗಿದ್ದಳು. ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುವುದು ಆಕೆಯ ಉದ್ಯೋಗ. ಆಕೆಯ ರೊಟ್ಟಿ ತಿಂದ ಮೇಲೆ ಸಿಟ್ಟು ಹಿಡಿದುಕೊಂಡು ಕೂರುವುದು ಕಷ್ಟ.

ಶಾರವ್ವನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಸುರೇಖಾಳನ್ನು ಕೊಟ್ಟಿದ್ದು ಸೋದರತ್ತೆಯ ಮಗ ಗುರಲಿಂಗಪ್ಪನಿಗೆ. ಅವನ ಊರು ಬಾದಾಮಿ ಕಡೆಯ ಚೊಳಚಗುಡ್ಡ. ಕುರಿ ಕಾಯುವವನು, ವರ್ಷದ ಎಂಟು ತಿಂಗಳು ಹಿಂಡಿನ ಹಿಂದೆ ಹೊಲದಿಂದ ಹೊಲಕ್ಕೆ ಅಲೆಯುತ್ತಾನೆ. ಅದಕ್ಕೇ ಸುರೇಖಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ತವರಿನಲ್ಲಿ ಉಳಿದಳು. ಹಿರಿಯವಳು ರಾಜಶ್ರೀ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ನನ್ನ ಮಗಳು ಆಯೇಶಾಳದೇ ಕ್ಲಾಸು. ಕಿರಿಯವಳು ಹನಮವ್ವನಿಗೆ ಹನ್ನೊಂದು ವರ್ಷ, ನೋಡಿದವರು ಏಳು ಎನ್ನುತ್ತಾರೆ.

ಹನಮವ್ವನಿಗೆ ಥಲಸೀಮಿಯಾ. ಎಂಟು ತಿಂಗಳ ಕೂಸಿದ್ದಾಗಲೇ ಮೈ ಬಿಳಿಚಿಕೊಂಡು, ಹೊಟ್ಟೆಯ ಎಡಮಗ್ಗಲು ಗಟ್ಟಿಯಾಗಿ ಉಬ್ಬತೊಡಗಿತು. ಶಾರವ್ವ ಮೊದಲು ಎದುರು ಮನೆಯವರ ಕಣ್ಣು ತಾಗಿದೆ ಎಂದಳು, ಆಮೇಲೆ ನನ್ನ ಲಸಿಕೆಯ ಮೇಲೆ ಗೂಬೆ ಕೂರಿಸಿದಳು. ಕಡೆಗೆ ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಕೂರಿಸಿಕೊಂಡು ತಿಳಿಸಿ ಹೇಳಿದರು. ಇದು ರಕ್ತದಲ್ಲೇ ಬಂದ ದೋಷ, ಅಪ್ಪನಿಂದ ಒಂದು ಪಾಲು, ಅವ್ವನಿಂದ ಒಂದು ಪಾಲು. ಒಂದೇ ಪಾಲು ಇದ್ದವರಿಗೆ ಅಂಥದ್ದೇನೂ ಆಗುವುದಿಲ್ಲ, ಗೊತ್ತೂ ಆಗದೆ ಮುಪ್ಪಾಗುತ್ತಾರೆ. ಎರಡೂ ಪಾಲು ಒಂದೇ ಮಗುವಿಗೆ ಬಂದರೆ ಆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗುವುದಿಲ್ಲ. ಎಲುಬಿನೊಳಗಿನ ಮಜ್ಜೆ ರಕ್ತ ಮಾಡಲು ಹೆಣಗಿ ಹೆಣಗಿ ಹಿಗ್ಗುತ್ತದೆ. ಹನಮವ್ವನ ಹಣೆ ಮುಂದೆ ಬಂದಿರುವುದು, ಕೆನ್ನೆಯ ಎಲುಬು ಅಗಲವಾಗಿರುವುದು ಅದಕ್ಕೇ. ಸಂಬಂಧದಲ್ಲೇ ಕೊಟ್ಟು ತಂದರೆ ಎರಡು ಪಾಲು ಕೂಡುವ ಸಂಭವ ಹೆಚ್ಚು ಎಂದೂ ಡಾಕ್ಟರು ಹೇಳಿದರು. ಶಾರವ್ವ ಅದನ್ನು ಕೇಳಿ, "ನಮ್ಮಜ್ಜಿ ಕಾಲದಿಂದ ಹಿಂಗ ಮಾಡೇವಿ, ಅವಾಗ ಎಲ್ಲಿತ್ತ ಈ ರೋಗ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಆ ಕಾಲದಲ್ಲಿ ಇಂಥ ಕೂಸುಗಳು ಹೆಸರಿಲ್ಲದ ಕಾಯಿಲೆಯಲ್ಲಿ ವರ್ಷದೊಳಗೇ ಸಾಯುತ್ತಿದ್ದವು ಎಂದು ನಾನು ಹೇಳಲಿಲ್ಲ.

ಮೂರು ವಾರಕ್ಕೊಮ್ಮೆ ಹನಮವ್ವನಿಗೆ ಬೇರೆಯವರ ರಕ್ತ ಏರಿಸಬೇಕು. ಆ ರಕ್ತದೊಂದಿಗೆ ಬರುವ ಕಬ್ಬಿಣ ಮೈಯಲ್ಲೇ ಉಳಿದು ಹೃದಯ, ಯಕೃತ್ತು ಕೆಡಿಸುತ್ತದೆ. ಅದನ್ನು ಹೊರಹಾಕಲು ದಿನಾ ನೀರಿನಲ್ಲಿ ಕರಗಿಸಿ ಕುಡಿಯುವ ಗುಳಿಗೆ ಬೇರೆ. "ನನ್ನ ಮೈಯಾಗ ಅರ್ಧಾ ಬಾಗಲಕೋಟಿ ಐತಿ" ಎಂದು ಆ ಹುಡುಗಿ ನಗುತ್ತಾಳೆ. ರಕ್ತ ಏರಿಸಿದ ವಾರ ಓಣಿಯೆಲ್ಲ ಓಡಾಡುತ್ತಾಳೆ, ಮೂರನೆಯ ವಾರ ಬರುವಷ್ಟರಲ್ಲಿ ಎರಡು ಮೆಟ್ಟಿಲು ಹತ್ತಿ ಕೂತುಬಿಡುತ್ತಾಳೆ. ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ಯಾವಾಗಲೂ ಶಾರವ್ವನೇ. ಮಗಳ ಕೈಯಲ್ಲಿ ಆಗುವುದಿಲ್ಲವೆಂದಲ್ಲ, ನರ್ಸುಗಳ ಮೇಲೆ ಕಣ್ಣಿಡಲು ಮಗಳಿಗೆ ಬರುವುದಿಲ್ಲವೆಂದು. ಹತ್ತು ವರ್ಷ ಹೀಗೆ ಹೋಗಿ ಬಂದು, ಸೂಜಿ ಬಿದ್ದ ಜಾಗ ಮರುದಿನ ಹೇಗಿರುತ್ತದೆ, ಹತ್ತಿ ಸರಿಯಾಗಿ ಒತ್ತದಿದ್ದರೆ ಎಷ್ಟಗಲ ನೀಲಿಗಟ್ಟುತ್ತದೆ ಎಂಬುದು ನನಗಿಂತ ಆಕೆಗೆ ಚೆನ್ನಾಗಿ ಗೊತ್ತಾಗಿತ್ತು.

ಇನ್ನು ಮದುವೆಯ ವಿಷಯ. ಶಾರವ್ವನ ಮಗ ಆನಂದ ಇಲಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮಷಿನ್ ನಡೆಸುತ್ತಾನೆ. ರಾಜಶ್ರೀಯನ್ನು ತೊಟ್ಟಿಲಿಗೆ ಹಾಕಿದ ದಿನವೇ, ಆಗ ಏಳು ವರ್ಷದವನಿದ್ದ ಆನಂದನ ಕೈಯಿಂದ ಶಾರವ್ವ ಆ ಕೂಸಿಗೆ ಹಸಿರು ಬಳೆ ತೊಡಿಸಿದ್ದಳು. ಅಕ್ಕನ ಮಗಳು ಸೋದರಮಾವನಿಗೇ ಎಂಬುದು ಈ ಕಡೆ ಕೇಳುವ ಮಾತೇ ಅಲ್ಲ. ರಾಜಶ್ರೀಯೂ ಅದನ್ನೇ ಕೇಳುತ್ತ ಬೆಳೆದಳು. ಆನಂದ ಭಾನುವಾರ ಮನೆಗೆ ಬರುವ ಹೊತ್ತಿಗೆ ಅವಳು ಮುಖ ತೊಳೆದು ಎರಡು ಸಲ ಬಾಗಿಲಿಗೆ ಬಂದು ಹೋಗುವುದನ್ನು ನಾನೇ ನೋಡಿದ್ದೇನೆ.

ಡಾಕ್ಟರು ಇದನ್ನು ಕೇಳಿ, ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸದೆ ಅಕ್ಷತೆ ಹಾಕಬೇಡಿ ಎಂದಿದ್ದರು. ಆನಂದ ತಾನೇ ಹೋಗಿ ಮಾಡಿಸಿಕೊಂಡ. ಅವನಲ್ಲಿ ಒಂದು ಪಾಲು ಇತ್ತು. ಉಳಿದವಳು ರಾಜಶ್ರೀ. ಅವಳಲ್ಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಇದ್ದರೆ ಅವರಿಗೆ ಹುಟ್ಟುವ ಒಂದೊಂದು ಮಗುವೂ ಇನ್ನೊಬ್ಬ ಹನಮವ್ವ ಆಗುವ ಸಂಭವ ನಾಲ್ಕರಲ್ಲಿ ಒಂದು. ಇಡೀ ಮದುವೆ ಆ ಹುಡುಗಿಯ ಒಂದು ಸಣ್ಣ ಸೀಸೆ ರಕ್ತದ ಮೇಲೆ ನಿಂತಿತು.

ಜನವರಿಯಲ್ಲಿ ಕಾಲೇಜಿನಲ್ಲೇ ಥಲಸೀಮಿಯಾ ಪರೀಕ್ಷೆಯ ಶಿಬಿರ ಮಾಡಿದರು. ಹೊರಗಿನ ಮೇಜಿನಲ್ಲಿ ಹೆಸರು ಬರೆಯುವ ಕೆಲಸ ನನ್ನದು, ಒಳಗಿನ ಕೋಣೆಯಲ್ಲಿ ರಕ್ತ ತೆಗೆಯುತ್ತಿದ್ದರು. ರಾಜಶ್ರೀಯ ಹೆಸರನ್ನು ನಾನೇ ಬರೆದು ಚೀಟಿ ಕೊಟ್ಟೆ. ಮಧ್ಯೆ ಚಹಾ ಬಂತೆಂದು ಎದ್ದು ಹೋದೆ. ಬರುವಷ್ಟರಲ್ಲಿ ಅವಳ ಸರದಿ ಮುಗಿದಿತ್ತು, ಮೊಣಕೈಗೆ ಹತ್ತಿ ಹಿಡಿದುಕೊಂಡು ನಿಂತಿದ್ದಳು. ನನ್ನ ಮಗಳು ಮಾತ್ರ ಅಂಜಿಕೆಯಾಯಿತೆಂದು ರಕ್ತ ಕೊಡಲೇ ಇಲ್ಲವಂತೆ. "ಊರಿಗೆಲ್ಲಾ ಹೇಳಾಕಿ ಮಗಳು ನೀನು, ನಾಚಿಕಿ ಬರೂದಿಲ್ಲೇನು?" ಎಂದು ಬೈದು ಸುಮ್ಮನಾದೆ.

ರಾಜಶ್ರೀಯ ರಿಪೋರ್ಟ್ ಬಂತು. ದೋಷ ಇಲ್ಲ. ಸುರೇಖಾ ಅತ್ತೇಬಿಟ್ಟಳು. ಗುರಲಿಂಗಪ್ಪ ಎಲ್ಲಿಯದೋ ಹೊಲದಿಂದ ಫೋನಿನಲ್ಲೇ ಮದುವೆಯ ದಿನ ಹಿಡಿಯಿರಿ ಎಂದ. ನಾನು ಸಕ್ಕರೆ ಹಂಚಿದೆ. ಶಾರವ್ವ ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಸಾಯಿಮಾ, ಕಬ್ಬಿಣದ ಗುಳಿಗಿ ತಗೊಂಡ್ರ ರಕ್ತಾ ಏರತೈತಿ ಅಂತಿ. ರಾಜಶ್ರೀಗಿ ಯಾಕ ಏರವಲ್ದು?"

"ನಿಮ್ಮ ಮೊಮ್ಮಗಳು ಗುಳಿಗಿ ಮೋರಿಗೆ ಹಾಕ್ತಾಳ್ರಿ ಅತ್ತಿ, ಅದಕ್ಕ."

ಇದು ನನ್ನ ಹಳೆಯ ಸಂಶಯ. ಮೂರು ವರ್ಷದಿಂದ ರಾಜಶ್ರೀಗೆ ಗುಳಿಗೆ ಕೊಡುತ್ತಿದ್ದೆ, ಹನ್ನೆರಡಿರಬೇಕಾದ ಅವಳ ಹಿಮೋಗ್ಲೋಬಿನ್ ಹತ್ತು ದಾಟುತ್ತಿರಲಿಲ್ಲ.

"ನುಂಗ್ಯಾಳ. ನಾ ದಿನಾ ಬಾಯಿ ತಗಿಸಿ ನಾಲಿಗಿ ಎತ್ತಿಸಿ ನೋಡೇನಿ."

ದೋಷದ ಒಂದು ಪಾಲು ಇದ್ದವರಿಗೆ ಎಷ್ಟು ಗುಳಿಗೆ ಕೊಟ್ಟರೂ ರಕ್ತ ಪೂರ್ತಿ ಏರುವುದಿಲ್ಲ ಎಂದು ತರಬೇತಿಯಲ್ಲಿ ನನಗೇ ಹೇಳಿಕೊಟ್ಟಿದ್ದರು. ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ. ನನ್ನ ಶಿಬಿರದ ರಿಪೋರ್ಟನ್ನೇ ಸಂಶಯಪಡುತ್ತಾಳಲ್ಲ ಎಂದು ಉರಿದುಹೋಗಿತ್ತು. "ನಿಮಗ ಆ ಬೀರಪ್ಪ ದೇವರss ಬಂದು ಹೇಳಿದ್ರೂ ಖರೆ ಅನಸೂದಿಲ್ಲ" ಎಂದು ಎದ್ದು ಬಂದೆ.

ಅಲ್ಲಿಂದ ಶುರುವಾಯಿತು ಶಾರವ್ವನ ನಾಟಕ. ಮೊದಲು ಮೊಣಕಾಲು ನೋವೆಂದು ಮದುವೆ ಮುಂದೆ ಹಾಕಿದಳು. ನೋವಿದ್ದವಳು ದಿನಾ ಬೆಳಿಗ್ಗೆ ಕೂತು ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಬೀರಪ್ಪನ ಗುಡಿಯ ಪೂಜಾರಿ ಈ ದಿನಗಳು ಸರಿಯಿಲ್ಲ ಎಂದಿದ್ದಾನೆ ಎಂದಳು. ನಾನು ಬಿಡಲಿಲ್ಲ, ಪೂಜಾರಿಯನ್ನೇ ಕೇಳಿದೆ. "ಆಕಿ ನನ್ನ ಹಂತ್ಯಾಕ ಬಂದss ಇಲ್ಲ" ಎಂದ. ಓಣಿಯಲ್ಲಿ ಮಾತು ಹಬ್ಬಿತು. ಇಲಕಲ್ಲಿನ ಯಾವುದೋ ಸಾಹುಕಾರರ ಮನೆಯ ಹೆಣ್ಣಿನ ಮೇಲೆ ಶಾರವ್ವನ ಕಣ್ಣು ಬಿದ್ದಿದೆ, ಮೊಮ್ಮಗಳಿಗೆ ಕೈ ಕೊಡುತ್ತಾಳೆ ಎಂದು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ನಾಲ್ಕು ಮನೆಗೆ ನಾನೇ ಹೇಳಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಇನ್ನೊಂದು ನನ್ನನ್ನು ಚುಚ್ಚುತ್ತಿತ್ತು. ಆಯೇಶಾ ಅವರ ಮನೆಗೆ ಹೋದರೆ ಶಾರವ್ವ ಅವಳ ಕೈಯನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ತನ್ನ ಒಲೆ ಮುಂದೆ ಬೆಳೆದವಳು, ಈಗ ಅವಳನ್ನೂ ಕಳ್ಳಿ ಎಂದುಕೊಂಡಳೇ ಈ ಮುದುಕಿ ಎನಿಸಿತು. ಮಗಳಿಗೆ ಆ ಮನೆಯ ಹೊಸ್ತಿಲು ತುಳಿಯಬೇಡ ಎಂದೆ.

ಏಪ್ರಿಲಿನಲ್ಲಿ ಹನಮವ್ವನನ್ನು ರಕ್ತಕ್ಕೆ ಕರೆದುಕೊಂಡು ಹೋಗುವಾಗ ಶಾರವ್ವ ರಾಜಶ್ರೀಯನ್ನೂ ಎಳೆದುಕೊಂಡು ಹೋದಳು. ನಾಲ್ಕು ದಿನ ಬಿಟ್ಟು ಒಬ್ಬಳೇ ಮತ್ತೆ ಬಾಗಲಕೋಟೆಗೆ ಹೋಗಿ ಬಂದಳು. ಆ ಸಂಜೆ ಆನಂದನನ್ನು ಇಲಕಲ್ಲಿನಿಂದ ಕರೆಸಿ, ಸುರೇಖಾಳನ್ನು ಎದುರಿಗೆ ಕೂರಿಸಿ, ಒಂದೇ ಮಾತು ಹೇಳಿದಳು. "ಈ ಮದವಿ ಬ್ಯಾಡ. ನನ್ನ ಮಗಗ ಹೊರಗಿನ ಹೆಣ್ಣ ತರ್ತೇನಿ."

ಯಾಕೆ ಎಂದರೆ, "ನನ್ನ ಮನಸ್ಸು" ಎಂದಳು. ಆನಂದ ತಟ್ಟೆ ಸರಿಸಿ ಎದ್ದು ಹೋದ. ಇಲಕಲ್ಲಿನಲ್ಲೇ ಬಾಡಿಗೆ ಕೋಣೆ ಹಿಡಿದು ಭಾನುವಾರ ಬರುವುದನ್ನೂ ಬಿಟ್ಟ. ಸುರೇಖಾ ಅವ್ವನ ಜೊತೆ ಮಾತು ಬಿಟ್ಟಳು. ರಾಜಶ್ರೀ ಅಡುಗೆಮನೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳು ಒಂದು ಮಾತೂ ಕೇಳಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮದುವೆ ಬೇಡವೆಂದ ಆ ರಾತ್ರಿಯೇ ಊಟಕ್ಕೆ ಕೂತಾಗ ನಾನು ಶಾರವ್ವನ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಆಯೇಶಾ ತುತ್ತು ಬಿಟ್ಟು ಅಳತೊಡಗಿದಳು.

"ಶಾರವ್ವ ಆಯೀನ ಬೈಬ್ಯಾಡ ಅಮ್ಮೀ. ಆ ರಕ್ತಾ ನಂದು."

ಚಹಾ ಕುಡಿಯಲು ನಾನು ಎದ್ದು ಹೋದಾಗ ರಾಜಶ್ರೀಯ ಚೀಟಿ ಹಿಡಿದು ಒಳಗೆ ಹೋದವಳು ನನ್ನ ಮಗಳು. ರಾಜಶ್ರೀ ಹಿಂದಿನ ದಿನವೆಲ್ಲ ಅವಳ ಕಾಲು ಹಿಡಿದಿದ್ದಳಂತೆ. "ನನ್ನಾಗ ಇದ್ರ ಮಾವನ್ನ ಬಿಡಸ್ತಾರ" ಎಂದು. ಇಬ್ಬರೂ ಇಪ್ಪತ್ತೊಂದು ವರ್ಷದ ಹುಡುಗಿಯರು. ಸೀಸೆಯ ರಕ್ತ ಬದಲಿಸಿದರೆ ಹುಟ್ಟುವ ಮಕ್ಕಳ ಮೈಯೂ ಬದಲಾಗಿಬಿಡುತ್ತದೆ ಎಂದುಕೊಂಡರೋ, ಅಷ್ಟು ಮುಂದೆ ಯೋಚಿಸಲೇ ಇಲ್ಲವೋ. ನಾನು ಮಗಳಿಗೆ ಹೊಡೆದೆ. ನಾನು ಚಹಾ ಕುಡಿಯಲು ಎದ್ದು ಹೋಗದಿದ್ದರೆ ಇದು ಆಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಶಾರವ್ವನ ಮನೆಗೆ ಹೋದೆ. ಒಬ್ಬಳೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ, "ಗೊತ್ತಾತು?" ಎಂದಳು.

"ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತಿ?"

"ಕ್ಯಾಂಪ್ ಆದ ದಿನಾ ಸಂಜೀಕ ಆಯೇಶಾ ಇಲ್ಲೇ ಕುಂತು ಹಿಟ್ಟ ನಾದಿದ್ಲು. ತೋಳ ಏರಿಸಿದ್ಲು. ಮೊಣಕೈ ಒಳಗ ಇಷ್ಟಗಲ ನೀಲಿ. ರಕ್ತಾ ಕೊಡಲಿಲ್ಲ ಅಂತ ನೀನು ಬೈಕೋತ ಅಡ್ಡಾಡಿದ್ದಿ. ಮರುದಿನಾ ರಾಜಶ್ರೀಗಿ ತಲಿ ಮ್ಯಾಲ ನೀರ ಹಾಕಿದೆ. ಎರಡೂ ತೋಳ ತಿಕ್ಕಿ ತಿಕ್ಕಿ ನೋಡಿದೆ. ಒಂದ ಚುಕ್ಕಿ ಇಲ್ಲ."

ರಿಪೋರ್ಟ್ ಬರುವ ಮೊದಲೇ ಆಕೆಗೆ ಗೊತ್ತಿತ್ತು. ಆದರೂ ಮೊಮ್ಮಗಳ ಮೇಲೆ ಬರಿಯ ಸಂಶಯದಿಂದ ಅಪವಾದ ಹೊರಿಸಲು ಮನಸ್ಸಾಗದೆ, ನೆಪ ಹೇಳಿ ದಿನ ದೂಡಿದ್ದಳು. ಏಪ್ರಿಲಿನಲ್ಲಿ ತಾನೇ ರಾಜಶ್ರೀಯ ತೋಳು ಹಿಡಿದು ನರ್ಸಿನ ಮುಂದೆ ಚಾಚಿದಳು. ಹುಡುಗಿ ಕೊಸರಾಡಲಿಲ್ಲ, ಅಜ್ಜಿಯ ಮುಖ ನೋಡಿ ಕಣ್ಣು ಮುಚ್ಚಿಕೊಂಡಳಂತೆ. ಬಂದ ಕಾಗದವನ್ನು ಶಾರವ್ವ ಮೊದಲು ನರ್ಸಿನಿಂದ, ಆಮೇಲೆ ಔಷಧಿ ಅಂಗಡಿಯವನಿಂದ ಓದಿಸಿದಳು. ಇಬ್ಬರೂ ಒಂದೇ ಹೇಳಿದರು. ಇದೆ.

"ಯಾರಿಗೂ ಯಾಕ ಹೇಳಲಿಲ್ಲ? ಊರೆಲ್ಲಾ ನಿಮ್ಮನ್ನ ಉಗಳಾಕ ಹತ್ತೇತಿ."

"ಹೇಳಿದ್ರ? ಸುಳ್ಳಿ ಅಂತ ಒಂದ ಹೆಸರು, ರಕ್ತಾ ಕೆಟ್ಟೈತಿ ಅಂತ ಇನ್ನೊಂದ. ಆ ಹುಡಗೀನ ಯಾಂವ ಮಾಡ್ಕೋತಾನ? ನಿನ್ನ ಮಗಳ ಹೆಸರೂ ಬರ್ತಿತ್ತು, ನಿನ್ನ ಕೆಲಸಾನೂ ಹೋಗ್ತಿತ್ತು. ನಾ ಮುದಕಿ, ಮೊದಲss ಕೆಟ್ಟಾಕಿ. ನನಗ ಬೈದ್ರ ಏನ ಹೊಸಾದು?"

ಮದುವೆ ಮಾಡಿಯೂ ದಾರಿಯಿದೆ ಎಂದು ನಾನು ಹೇಳಿದೆ. ಬಸುರಿಯಾದ ಮೂರು ತಿಂಗಳೊಳಗೆ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿಸಬಹುದು. ಡಾಕ್ಟರು ಅದನ್ನು ಆಕೆಗೂ ಹೇಳಿದ್ದರು.

"ಒಂದ ಸೂಜಿಗೆ ಅಂಜಿ ಇಷ್ಟ ದೊಡ್ಡ ಸುಳ್ಳ ಹೇಳಿದಾಕಿ, ಹೊಟ್ಟ್ಯಾಗ ಕೂಸ ಇದ್ದಾಗ ಖರೇ ಹೇಳ್ತಾಳಂತ ಹ್ಯಾಂಗ ನಂಬಲಿ? ಹನಮಿ ಸೂಜಿ ಕಂಡಾಗೊಮ್ಮೆ ನನ್ನ ಸೆರಗ ಹಲ್ಲಾಗ ಕಚ್ಚಿ ಹಿಡೀತಾಳ. ಹತ್ತ ವರ್ಷದಾಗ ಎಷ್ಟ ಸೀರಿ ಹರದಾವ ಗೊತ್ತೈತೇನ ನಿನಗ?"

ಆಕೆ ಅಳಲಿಲ್ಲ. ಅತ್ತವಳು ನಾನು. ಆಮೇಲೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಆಕೆ ಬೇಡವೆಂದದ್ದಕ್ಕೆ ಎಂದು ಹೇಳಬಹುದು, ಆದರೆ ಖರೆಯೆಂದರೆ ನನಗೆ ಕೆಲಸ ಹೋಗುವ ಭಯ. ಎರಡು ತಿಂಗಳು ಓಣಿಯವರು ಆಕೆಯ ಬಗ್ಗೆ ಆಡಿದ್ದನ್ನೆಲ್ಲ ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಜೂನಿನಲ್ಲಿ ಮಳೆ ಶುರುವಾಗಿ ಗುರಲಿಂಗಪ್ಪ ಹಿಂಡು ತಿರುಗಿಸಿದ. ನೇರ ಅತ್ತೆಯ ಮನೆಗೆ ಬಂದು, ಕಂಬಳಿ ಹೆಗಲಿನಿಂದ ಇಳಿಸದೆ ಅಂಗಳದಲ್ಲೇ ನಿಂತ. ಓಣಿಯವರೆಲ್ಲ ಬಾಗಿಲಿಗೆ ಬಂದರು, ನಾನೂ ಆಯೇಶಾಳೂ ಬಂದೆವು.

"ತೊಟ್ಲದಾಗ ಬಳಿ ಇಟ್ಟಾಕಿ ನೀನು. ಈಗ ನನ್ನ ಮಗಳು ಬ್ಯಾಡಾದ್ಲು? ಎಷ್ಟ ದೊಡ್ಡ ಮನಿ ಸಿಕ್ಕೈತಿ ಹೇಳು, ನಾವೂ ಕೇಳೋಣು. ಸುರೇಖಾ, ಗಂಟ ಕಟ್ಟು. ಇಬ್ಬರನ್ನೂ ಕರಕೊಂಡ ನಡಿ. ಹನಮೀನ ಇನ್ನ ಮ್ಯಾಲ ನಾನss ಬಾಗಲಕೋಟಿಗೆ ಒಯ್ತೇನಿ."

ಹನಮವ್ವ ಅಜ್ಜಿಯ ಸೆರಗು ಹಿಡಿದಳು. ಅಂಗಳದ ಒಲೆಯ ಮುಂದೆ ಕೂತಿದ್ದ ಶಾರವ್ವನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಅದೊಂದನ್ನು ಆಕೆ ಎಣಿಸಿರಲಿಲ್ಲವೆಂದು ನನಗೆ ಕಂಡಿತು. ಆದರೂ ಬಾಯಿ ಬಿಡಲಿಲ್ಲ.

ಒಳಗಿನಿಂದ ರಾಜಶ್ರೀ ಬಂದಳು. ಕುಪ್ಪಸದ ತೋಳು ಎರಡೂ ಮೇಲೆ ಸರಿಸಿ, ಅಪ್ಪನ ಮುಂದೆ ಕೈ ಚಾಚಿದಳು.

"ಕ್ಯಾಂಪ್ ಆದ ದಿನಾ ಈ ಕೈಗೆ ಸೂಜಿ ಬಿದ್ದss ಇಲ್ಲಪ್ಪಾ. ಬ್ಯಾರೇದಾಕಿ ರಕ್ತಾ ಕೊಟ್ಟು ನಿಮ್ಮನ್ನೆಲ್ಲಾ ಮೋಸಾ ಮಾಡೇನಿ. ನನ್ನಾಗೂ ಐತಿ, ಮಾವನಾಗೂ ಐತಿ. ಆಯಿ ನನ್ನ ಹೆಸರ ಉಳಿಸಾಕ ತನ್ನ ಹೆಸರ ಕೆಡಿಸಿಕೊಂಡಾಳ."

ಆಯೇಶಾ ನನ್ನ ಕೈ ಬಿಡಿಸಿಕೊಂಡು ಹೋಗಿ ಅವಳ ಪಕ್ಕ ನಿಂತಳು. "ರಕ್ತಾ ಕೊಟ್ಟಾಕಿ ನಾನು" ಎಂದಳು. "ಚೀಟಿ ಬರದ ಕೊಟ್ಟು ಎದ್ದ ಹೋದಾಕಿ ನಾನು" ಎಂದು ನಾನೂ ಹೇಳಿದೆ. ಅಷ್ಟು ದಿನದ ಮೇಲೆ ಅದೊಂದು ಮಾತು ಹೊರಬಂತು.

ಸುರೇಖಾ ಗೋಡೆಗೆ ಒರಗಿ ಕೂತಳು. ಗುರಲಿಂಗಪ್ಪ ಕಂಬಳಿ ಇಳಿಸಿದ.

ಮೊದಲು ಸಿಟ್ಟಿಗೆದ್ದವಳು ಶಾರವ್ವ. "ಐದ ತಿಂಗಳು ಎದಿಯಾಗ ಇಟಗೊಂಡಿದ್ದೆ, ಒಂದss ನಿಮಿಷದಾಗ ಅಂಗಳದಾಗ ಚೆಲ್ಲಿದಿ! ಇನ್ನ ನಿನ್ನ ಯಾಂವ ಮಾಡ್ಕೋತಾನ?"

"ತನ್ನ ರಕ್ತಾ ಪರೀಕ್ಷಾ ಮಾಡಿಸಿ ತೋರಸಾಂವ ಬರ್ತಾನ ಬೇ ಆಯಿ. ಮಾವಗ ಮುಂಜಾನೆ ಫೋನ್ ಮಾಡಿ ಎಲ್ಲಾ ಹೇಳೇನಿ. ಆಮ್ಯಾಲ, 'ಅವ್ವ ಉಂಡಾಳೇನು' ಅಂತ ಕೇಳಿದ."

ಶಾರವ್ವ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದಾಗ ಹುಬ್ಬಿಗೆಲ್ಲ ಜೋಳದ ಹಿಟ್ಟು ಹತ್ತಿತ್ತು. ಮೊಮ್ಮಗಳ ಚಾಚಿದ ಕೈ ಎಳೆದು ಕುಪ್ಪಸದ ತೋಳು ಕೆಳಗಿಳಿಸಿ ಹೇಳಿದಳು.

"ಯಾಂವರೇ ಬರಲಿ. ಅವನ ಕಾಗದಾ ಗೀಗದಾ ನಾ ನಂಬಾಕಿ ಅಲ್ಲ. ಸೂಜಿ ಚುಚ್ಚೂ ಮುಂದ ನಾನss ಎದರಿಗಿ ನಿಂದರ್ತೇನಿ."